ಟ್ಯುಟೋರಿಯಲ್ ಶಾಸ್ತ್ರದಲ್ಲಿ ಲೋಪಾಗಮಾದೇಶ ವಿಚಾರ

ವಿಘ್ನೇಶ್ವರನ ಸ್ತುತಿಯಿಲ್ಲದೆ ಯಾವ ಶಾಸ್ತ್ರವೂ ಆರಂಭವಾಗಬಾರದೆಂಬುದು ಶಿಷ್ಟಾಚಾರ. ಯೂಟ್ಯೂಬ್ ಇದನ್ನು ಚಾಚೂ ತಪ್ಪದೆ ಪಾಲಿಸಿದೆ. 2005ರ ಏಪ್ರಿಲ್ 23ರಂದು ಅಲ್ಲಿಗೆ ಏರಿದ ಮೊಟ್ಟಮೊದಲ ವಿಡಿಯೋದಲ್ಲಿ ಸಂಸ್ಥಾಪಕರಲ್ಲೊಬ್ಬರಾದ ಜಾವೇದ್ ಕರೀಮ್ ಸ್ಯಾನ್ ಡಿಯಾಗೋ ಮೃಗಾಲಯದ ಆನೆಗಳ ಮುಂದೆ ನಿಂತು ಅವುಗಳ ಸೊಂಡಿಲಿನ ಉದ್ದವನ್ನು ಕೊಂಡಾಡುತ್ತಾರೆ. ಈ 19 ಸೆಕೆಂಡುಗಳನ್ನು ಪಾಶ್ಚಾತ್ಯ ಪಂಡಿತರು ಕಾಲಹರಣವೆಂದು ಬಗೆದಿದ್ದರೆ ಅದು ಅವರ ಪ್ರಾರಬ್ಧ. ಮದರ್‌ಬೋರ್ಡ್, ಫೋಟೋಶಾಪ್, ಎಕ್ಸೆಲ್ ಮೊದಲಾದ ಸಕಲ ವಿದ್ಯೆಗಳೂ ಗಜಮುಖ ವಂದನೆಯ ನಂತರವೇ ಅಲ್ಲಿ ಅವತರಿಸಿದವೆಂಬುದು ನಮ್ಮ ಮೊದಲ ಸ್ಥಾಪನೆ.

ಇನ್ನು ಅಧಿಕಾರಿ ಲಕ್ಷಣ. ಈ ಶಾಸ್ತ್ರವನ್ನು ಓದಲು ಯಾರು ಅರ್ಹರು? ಫ್ಲೆಕ್ಸ್ ಅಂಗಡಿಯ ಮಾಲೀಕರು "ಕೋರೆಲ್ ಬರುತ್ತೇನಪ್ಪಾ?" ಎಂದು ಕೇಳಿದಾಗ ರೆಪ್ಪೆ ಮಿಟುಕಿಸದೆ "ಬರುತ್ತೆ ಸರ್" ಎಂದು, ಮನೆಗೆ ಹೋಗಿ ಉಂಡು, ರಾತ್ರಿ ಹನ್ನೊಂದಕ್ಕೆ "ಕೋರೆಲ್ ಡ್ರಾ ಇನ್ ಕನ್ನಡ" ಎಂದು ಹುಡುಕುವವನೇ ಉತ್ತಮಾಧಿಕಾರಿ. ಹುಡುಕಿ, ವಿಡಿಯೋವನ್ನು ವಾಚ್ ಲೇಟರಿಗೆ ಸೇರಿಸಿ ಮಲಗುವವನು ಮಧ್ಯಮ. ಕೋರ್ಸಿಗೆ ದುಡ್ಡು ಕಟ್ಟಿ ಪಾಸ್‌ವರ್ಡ್ ಮರೆತವನ ವಿಷಯದಲ್ಲಿ ಶಾಸ್ತ್ರ ಮೌನ.

ಪೂರ್ವಪಕ್ಷದವರು ಇಲ್ಲಿ ತಕರಾರು ತೆಗೆಯುತ್ತಾರೆ: ವಿದ್ಯೆ ಗುರುಮುಖದಿಂದಲೇ ಬರಬೇಕಷ್ಟೆ, ಬಸ್‌ಸ್ಟ್ಯಾಂಡ್ ಎದುರಿನ ಕಂಪ್ಯೂಟರ್ ಕ್ಲಾಸಿಗೆ ಸೇರಬಾರದೇ ಎಂದು. ಸಮಾಧಾನ: ಸೇರಬಹುದು. ಆದರೆ ಆ ಗುರುಗಳೂ ಹಿಂದಿನ ರಾತ್ರಿ ಅದೇ ವಿಡಿಯೋ ನೋಡಿರುತ್ತಾರೆ, ಒಂದೂವರೆ ಪಟ್ಟು ವೇಗದಲ್ಲಿ.

ಈಗ ಸಿದ್ಧಾಂತ. ಹೈಸ್ಕೂಲಿನ ಕನ್ನಡ ಮೇಷ್ಟ್ರು ಲೋಪ, ಆಗಮ, ಆದೇಶ ಎಂದು ಮೂರು ಸಂಧಿಗಳನ್ನು ಬಾಯಿಪಾಠ ಮಾಡಿಸಿದ್ದು ಯಾಕೆಂದು ನಮಗೆ ಆಗ ತಿಳಿದಿರಲಿಲ್ಲ. ವಿಡಿಯೋ ಪೂರ್ವಪದ, ಕಲಿಯುವವನ ಕಂಪ್ಯೂಟರ್ ಉತ್ತರಪದ. ಇವೆರಡೂ ಕೂಡುವಾಗ ಆಗುವ ವಿಕಾರಕ್ಕೇ ಕಲಿಕೆ ಎಂದು ಹೆಸರು. ಎರಡೂ ಹೇಗಿದ್ದವೋ ಹಾಗೇ ಕೂಡಿದರೆ ಅಲ್ಲಿ ಸಂಧಿಯೇ ಇಲ್ಲ, ಬರೀ ನಕಲು.

ಲೋಪಕ್ಕೆ ಹಾರ್ಡ್‌ವೇರೇ ಪ್ರಶಸ್ತ ಕ್ಷೇತ್ರ. ಬೆಂಗಳೂರಿನ ಎಸ್.ಪಿ. ರೋಡಿನಿಂದ ಬಿಡಿಭಾಗ ತಂದು ಪಿಸಿ ಜೋಡಿಸಲು ಕೂತವನನ್ನು ಗಮನಿಸಿ. ಪ್ರೊಸೆಸರನ್ನು ಸಾಕೆಟ್ಟಿನಲ್ಲಿ ಕೂರಿಸುವುದನ್ನು ವಿಡಿಯೋ ಸ್ಲೋಮೋಷನ್ನಿನಲ್ಲಿ ತೋರಿಸುತ್ತದೆ. ಥರ್ಮಲ್ ಪೇಸ್ಟನ್ನು ಬಟಾಣಿಯಷ್ಟು ಇಡಬೇಕೋ ಗೀಟು ಎಳೆಯಬೇಕೋ ಎಂಬ ಬಗ್ಗೆ ದೀರ್ಘ ಜಿಜ್ಞಾಸೆಯೂ ನಡೆಯುತ್ತದೆ. ಆಮೇಲೆ ಕ್ಯಾಬಿನೆಟ್ಟಿನ ಮುಂಭಾಗದಿಂದ ಬರುವ ಬಡಪಾಯಿ ವೈರುಗಳ ಸರದಿ: ಪವರ್ ಸ್ವಿಚ್, ರೀಸೆಟ್ ಸ್ವಿಚ್, ಹಾರ್ಡ್‌ಡಿಸ್ಕ್ ಲೈಟು, ಪವರ್ ಲೈಟು. ಇವನ್ನೆಲ್ಲ ಮದರ್‌ಬೋರ್ಡಿನ ಮೂಲೆಯಲ್ಲಿರುವ ಗುಂಡುಸೂಜಿ ಮೊನೆಯಂಥ ಪಿನ್ನುಗಳಿಗೆ ಸಿಕ್ಕಿಸಬೇಕು. ಅಕ್ಷರ ಇರುವೆಗಾತ್ರ, ಬೆರಳು ದಪ್ಪ, ಟಾರ್ಚ್ ಹಿಡಿದ ತಮ್ಮನಿಗೆ ನಿದ್ದೆ. ಸರಿಯಾಗಿ ಈ ಘಟ್ಟದಲ್ಲಿ ವಿಡಿಯೋದಲ್ಲಿ ಸಂಗೀತ ಬರುತ್ತದೆ. ಸಂಗೀತ ನಿಲ್ಲುವಷ್ಟರಲ್ಲಿ ಎಲ್ಲ ವೈರೂ ಟೈ ಕಟ್ಟಿಸಿಕೊಂಡು ಶಿಸ್ತಾಗಿ ನಿಂತಿವೆ. "ನೋಡಿ ಫ್ರೆಂಡ್ಸ್, ಎಲ್ಲಾ ಕನೆಕ್ಟ್ ಮಾಡ್ಕೊಂಡಿದೀನಿ!" ಕಾಣದಿರುವುದಕ್ಕೆ ಪಾಣಿನಿ ಲೋಪವೆಂದು ಹೆಸರಿಟ್ಟದ್ದು ಇಂಥ ಗಳಿಗೆಯನ್ನು ಕಂಡೇ ಇರಬೇಕು. (ಲೈಟಿನ ವೈರುಗಳಿಗೆ ಪ್ಲಸ್ಸು ಮೈನಸ್ಸು ಉಂಟು, ಸ್ವಿಚ್ಚಿನ ವೈರುಗಳನ್ನು ಹೇಗೆ ಸಿಕ್ಕಿಸಿದರೂ ನಡೆಯುತ್ತದೆ. ಇಷ್ಟು ಹೇಳಲು ಎಷ್ಟು ಹೊತ್ತು ಬೇಕು?)

ಜೋಡಿಸಿದ ಯಂತ್ರದಲ್ಲಿ ಫ್ಯಾನು ತಿರುಗಿ ಪರದೆ ಕಪ್ಪಾಗಿಯೇ ಉಳಿದರೆ "ನೋ ಡಿಸ್‌ಪ್ಲೇ" ಅಧ್ಯಾಯ ತೆರೆಯಬೇಕು. ಅಲ್ಲಿನ ವಿಧಿ ಭಾರತದಾದ್ಯಂತ ಒಂದೇ: ರ‍್ಯಾಮ್ ಕಳಚಿ, ಅದರ ಚಿನ್ನದ ಬಣ್ಣದ ಅಂಚನ್ನು ಶಾಲಾ ಮಕ್ಕಳ ರಬ್ಬರಿನಿಂದ ಉಜ್ಜಿ, ಪುಡಿ ಊದಿ, ಎರಡೂ ಕಡೆ ಟಕ್ ಎನ್ನುವಂತೆ ಮತ್ತೆ ಒತ್ತುವುದು. ಬಹಳ ಸಲ ಪರದೆ ಬೆಳಗುತ್ತದೆ. ಯಾಕೆ ಬೆಳಗಿತೆಂಬುದರಲ್ಲಿ ಮತಭೇದವಿದೆ. ಉಜ್ಜಿದ್ದರಿಂದ ಕೊಳೆ ಹೋಗಿ ಕರೆಂಟು ಹರಿಯಿತೆಂಬುದು ಘರ್ಷಣವಾದಿಗಳ ಮತ. ಮೊದಲ ಸಲ ನೀನು ನೆಟ್ಟಗೆ ಕೂರಿಸಿರಲೇ ಇಲ್ಲ, ತೆಗೆದು ಪುನಃ ಪ್ರತಿಷ್ಠಾಪಿಸಿದ್ದರಿಂದ ಸರಿಯಾಯಿತು, ರಬ್ಬರು ನಿಮಿತ್ತಮಾತ್ರ ಎಂಬುದು ಪುನಃಪ್ರತಿಷ್ಠಾವಾದಿಗಳ ಮತ. ಹೊಚ್ಚಹೊಸ ರ‍್ಯಾಮಿನಲ್ಲಿ ಎಲ್ಲಿಯ ಕೊಳೆ? ನಮ್ಮ ಒಲವು ಎರಡನೆಯದರ ಕಡೆಗೆ. ಆದರೂ ರಬ್ಬರನ್ನು ಡ್ರಾಯರಿನಲ್ಲಿ ಇಟ್ಟಿರುತ್ತೇವೆ.

ಆಗಮ ಸಂಧಿ ಸುಲಭ. ಯಕಾರಾಗಮ, ವಕಾರಾಗಮಗಳ ಸಾಲಿಗೆ ಜಾಹೀರಾತಾಗಮವನ್ನು ಸೇರಿಸಿಕೊಂಡರೆ ಮುಗಿಯಿತು. ಥರ್ಮಲ್ ಪೇಸ್ಟ್ ಹಚ್ಚುವ ಗಳಿಗೆಯಲ್ಲೇ ಟೂತ್‌ಪೇಸ್ಟ್ ಬರುತ್ತದೆ. ಎರಡನ್ನೂ ಅದಲುಬದಲು ಮಾಡಬಾರದು.

ಆದೇಶ ಮಾತ್ರ ಗಹನ. ಕತಪಗಳಿಗೆ ಗದಬಗಳು ಆದೇಶವಾಗಿ ಬರುವಂತೆ, ವಿಡಿಯೋದಲ್ಲಿದ್ದ ಬಟನ್ನಿನ ಜಾಗಕ್ಕೆ ನಮ್ಮ ಪರದೆಯಲ್ಲಿ ಬೇರೊಂದು ಬಂದಿರುತ್ತದೆ. ಏಕಲವ್ಯನ ಹೆಸರನ್ನು ಇಲ್ಲಿ ಎಳೆದು ತರುವವರಿದ್ದಾರೆ. ಅವನ ದ್ರೋಣ ಮಣ್ಣಿನವನು, ವರ್ಷಕ್ಕೊಮ್ಮೆ ಅಪ್‌ಡೇಟ್ ಆಗುತ್ತಿರಲಿಲ್ಲ. ಬ್ಲೆಂಡರ್ ತಂತ್ರಾಂಶದಲ್ಲಿ ವಸ್ತುವನ್ನು ಆಯ್ಕೆ ಮಾಡಲು ಮೊದಲು ಬಲಗಡೆಯ ಕ್ಲಿಕ್ ಬೇಕಿತ್ತು. 2019ರಲ್ಲಿ ಬಂದ 2.80ರಿಂದ ಎಡಗಡೆಯದು. ಫೋಟೋಶಾಪಿನದು ಇನ್ನೂ ಘೋರ. ಚಿತ್ರದ ಉದ್ದಗಲದ ಪ್ರಮಾಣ ಕೆಡದಂತೆ ಎಳೆಯಬೇಕಾದರೆ ಶಿಫ್ಟ್ ಒತ್ತಿ ಹಿಡಿಯಬೇಕಿತ್ತು. 2018ರ ಅಕ್ಟೋಬರಿನ ಆವೃತ್ತಿ ಇದನ್ನು ತಿರುಗುಮುರುಗು ಮಾಡಿತು: ಸುಮ್ಮನೆ ಎಳೆದರೆ ಪ್ರಮಾಣ ಉಳಿಯುತ್ತದೆ, ಶಿಫ್ಟ್ ಒತ್ತಿದರೆ ಕೆಡುತ್ತದೆ. ಹಳೆಯ ವಿಡಿಯೋದ ಅಣ್ಣ ಇಂದಿಗೂ "ಶಿಫ್ಟ್ ಬಿಡ್ಬೇಡಿ ಫ್ರೆಂಡ್ಸ್" ಎನ್ನುತ್ತಿದ್ದಾನೆ. ಸರ್ಕಲ್ಲಿನ ಹುಟ್ಟುಹಬ್ಬದ ಫ್ಲೆಕ್ಸಿನಲ್ಲಿ ಜನಪ್ರಿಯ ನಾಯಕರ ಮುಖ ಅಡ್ಡಡ್ಡ ಬೆಳೆದದ್ದನ್ನು ವಿಡಂಬನೆಯೆಂದು ಬಗೆಯುವವರು ಈ ಸೂಕ್ಷ್ಮವನ್ನು ಅರಿಯಬೇಕು. ಲಿಪಿ ನೋಡಿ ಶಾಸನದ ಕಾಲ ಹೇಳುವಂತೆ, ಕೆನ್ನೆ ನೋಡಿ ಡಿಸೈನರನು ಯಾವ ಕಾಲದ ವಿಡಿಯೋದಲ್ಲಿ ಕಲಿತನೆಂದು ಹೇಳಬಹುದು.

ಕನ್ನಡದ ವಿದ್ಯಾರ್ಥಿಗೆ ಇದರ ಮೇಲೊಂದು ವಿಶೇಷ ಪರೀಕ್ಷೆಯಿದೆ. ಇಂಗ್ಲಿಷ್ ವಿಡಿಯೋ ನೋಡಿ ಫೋಟೋಶಾಪಿನಲ್ಲಿ ಯೂನಿಕೋಡ್ ಕನ್ನಡ ಕುಟ್ಟಿದರೆ ಒತ್ತಕ್ಷರ ಕೆಳಗಿಳಿಯದೆ ಪಕ್ಕದಲ್ಲೇ ಮುನಿಸಿಕೊಂಡು ನಿಲ್ಲುವುದುಂಟು. ಆ ವಿಡಿಯೋ ಮಾಡಿದವರ ಭಾಷೆಗೆ ಒತ್ತೇ ಇಲ್ಲವಾದ್ದರಿಂದ ಅವರು ಇದನ್ನು ಹೇಳುವುದಿಲ್ಲ. ಪರಿಹಾರ ಪ್ರಿಫರೆನ್ಸಸ್‌ನ ಟೈಪ್ ವಿಭಾಗದಲ್ಲಿದೆ. ಹಲವು ಆವೃತ್ತಿಗಳಲ್ಲಿ ಅದರ ಹೆಸರು "ಮಿಡ್ಲ್ ಈಸ್ಟರ್ನ್ ಆ್ಯಂಡ್ ಸೌತ್ ಏಷ್ಯನ್". ಅಂದರೆ "ಅಕ್ಕ"ನಿಗೆ ಒತ್ತು ಕೊಡಿಸಲು ಮಧ್ಯಪ್ರಾಚ್ಯದ ದಾರಿ ಹಿಡಿಯಬೇಕು. ಅಷ್ಟು ದೂರ ಒಲ್ಲದವರು ನುಡಿ ಫಾಂಟಿನಲ್ಲಿ ಹೊಡೆದು ಕೆಲಸ ಮುಗಿಸುತ್ತಾರೆ. ಆ ಫೈಲನ್ನು ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ, ತಲೆಯ ಮೇಲೆ ಗೀಟು ಚುಕ್ಕಿ ಹೊತ್ತ ಇಂಗ್ಲಿಷ್ ಅಕ್ಷರಗಳು ಮೆರವಣಿಗೆ ಹೊರಟಿರುತ್ತವೆ.

ಈ ಸಂಕಟಕ್ಕೆ ಪೂರ್ವಾಚಾರ್ಯರು ಉಪಾಯ ಹೇಳಿಲ್ಲವೆಂದಲ್ಲ. ಐಐಟಿ ಬಾಂಬೆಯ ಸ್ಪೋಕನ್ ಟ್ಯುಟೋರಿಯಲ್ ಯೋಜನೆಯಲ್ಲಿ ಲಿಬ್ರೆ ಆಫೀಸ್, ಜಿಂಪ್ ಮೊದಲಾದ ಮುಕ್ತ ತಂತ್ರಾಂಶಗಳ ಪಾಠಗಳಿವೆ, ಒಂದೊಂದೂ ಹೆಚ್ಚುಕಡಿಮೆ ಹತ್ತು ನಿಮಿಷದ್ದು. ಕನ್ನಡ ಧ್ವನಿಯಲ್ಲೂ ಇವೆ. ಪರದೆಯ ಅರ್ಧದಲ್ಲಿ ವಿಡಿಯೋ, ಇನ್ನರ್ಧದಲ್ಲಿ ತಂತ್ರಾಂಶ ಇಟ್ಟುಕೊಂಡು ಜೊತೆಜೊತೆಗೆ ಮಾಡಿ ಕಲಿಯುವುದು ಅವರ ಪದ್ಧತಿ. ಜಾಗ ಸಾಲದವರು ಮೊಬೈಲನ್ನು ಸ್ಟೀಲ್ ಲೋಟಕ್ಕೆ ಒರಗಿಸಿಕೊಳ್ಳುವುದು ಲೋಕರೂಢಿ. ಆ ಪಾಠಗಳ ಓದು ಸಪ್ಪೆ, ನಿಜ. ಆದರೆ ಶುರುವಿನಲ್ಲೇ ಯಾವ ಆಪರೇಟಿಂಗ್ ಸಿಸ್ಟಮ್, ತಂತ್ರಾಂಶದ ಯಾವ ಆವೃತ್ತಿ ಎಂದು ಹೇಳಿಬಿಡುತ್ತಾರೆ.

ಆದ್ದರಿಂದ ವಿಡಿಯೋ ಮಾಡುವ ಸಮಸ್ತ ಅಣ್ಣಂದಿರಲ್ಲಿ, ಅಕ್ಕಂದಿರಲ್ಲಿ ಈ ಪ್ರಬಂಧಕಾರನ ಬಿನ್ನಹ: ಸಬ್‌ಸ್ಕ್ರೈಬ್ ಆಗಿ ಎಂದು ಕೇಳಿ, ಬೇಡವೆನ್ನುವುದಿಲ್ಲ. ಅದಕ್ಕೆ ಮೊದಲು ಆವೃತ್ತಿ ಯಾವುದೆಂದು ಹೇಳಿ. ಮತ್ತು ಆ ಸಣ್ಣ ವೈರುಗಳನ್ನು ಸಿಕ್ಕಿಸುವಾಗ ದಯವಿಟ್ಟು ಸಂಗೀತ ಹಾಕಬೇಡಿ.