ನಮ್ಮ ಎಡಪಂಥೀಯ ಪಿಕಪ್

ಅಮೆರಿಕದಲ್ಲಿ ಪಿಕಪ್ ಟ್ರಕ್ ಇಟ್ಟುಕೊಂಡ ಕನ್ನಡಿಗನಿಗೆ ಸ್ವಂತದ್ದೆನ್ನುವ ಶನಿವಾರ ಇರುವುದಿಲ್ಲ. ಮಿಷಿಗನ್ನಿನಲ್ಲಿ ನಮ್ಮ ಸುತ್ತಮುತ್ತ ಯಾರೇ ಮನೆ ಬದಲಾಯಿಸಲಿ, ಯಾರಿಗೇ ಹಳೇ ಸೋಫಾ ಪುಕ್ಕಟೆ ಸಿಗಲಿ, ಮೊದಲ ಫೋನು ನನಗೇ. "ಏನಿಲ್ಲ ಸಾರ್, ಸುಮ್ನೆ ಮಾತಾಡ್ಸೋಣ ಅಂತ" ಎಂದು ಶುರುವಾದ ಮಾತು ನೋಡನೋಡುತ್ತಲೇ ಫ್ರಿಜ್ಜಿಗೆ ಬಂದು ನಿಲ್ಲುತ್ತದೆ. ಕನ್ನಡ ಕೂಟದ ಹಬ್ಬಗಳಂತೂ ಕೇಳಲೇಬೇಡಿ. ಸಾರಿನ ಪಾತ್ರೆ, ಸ್ಪೀಕರ್ ಡಬ್ಬ, ನಾಟಕದ ಸಿಂಹಾಸನ, ಥರ್ಮಾಕೋಲಿನ ವಿಧಾನಸೌಧ ಎಲ್ಲವೂ ಕೂಟದ ಟ್ರೇಲರಿನಲ್ಲಿ. ಟ್ರೇಲರು ನನ್ನ ಗಾಡಿಯ ಬಾಲದಲ್ಲಿ. ಗಾಡಿಯನ್ನು ತಾವೇ ಒಯ್ದವರು ಮಾತು ತಪ್ಪದೆ ಹಿಂದಿರುಗಿಸುತ್ತಾರೆ, ಟ್ಯಾಂಕು ಬರಿದು ಮಾಡಿ.

ಗಾಡಿ ಒಂದು ಕಡೆಗೆ ವಾಲಿದೆ ಎಂದು ಪತ್ತೆ ಹಚ್ಚಿದವರು ಕೂಟದ ಖಜಾಂಚಿ. "ಏನ್ ಸಾರ್, ನಿಮ್ಮ ಗಾಡಿ ಎಡಪಂಥೀಯ ಆಗ್ಬಿಟ್ಟಿದೆ!" ಎಂದರು. ಹಿಂದೆ ಸರಿದು ಒಂದು ಕಣ್ಣು ಮುಚ್ಚಿ ನೋಡಿದೆ. ಹೌದು, ಎಡಕ್ಕೇ. ಮನೆಯಲ್ಲಿ ಹೇಳಿದರೆ ಹೆಂಡತಿ ತಲೆ ಕೂಡ ಎತ್ತಲಿಲ್ಲ. "ರೀ, ಸ್ಟಿಯರಿಂಗ್ ಯಾವ ಕಡೆ ಇದೆ? ಅದರ ಹಿಂದೆ ಯಾರು ಕೂರ್ತಾರೆ? ಇದಕ್ಕೆ ಮೆಕ್ಯಾನಿಕ್ ಬೇರೆ ಬೇಕಾ?"

ಈ ಕುಹಕದಲ್ಲಿ ಎಂಜಿನಿಯರಿಂಗ್ ಇದೆ ಎನ್ನುವುದೇ ಬೇಜಾರಿನ ಸಂಗತಿ. ಇಲ್ಲಿ ಚಾಲಕ ಕೂರುವುದು ಎಡಗಡೆ. ಬಹಳಷ್ಟು ಪಿಕಪ್‌ಗಳ ಪೆಟ್ರೋಲ್ ಟ್ಯಾಂಕೂ ಎಡಗಡೆಯ ಚಾಸಿಗೇ ಅಂಟಿಕೊಂಡಿರುತ್ತದೆ. 26 ಗ್ಯಾಲನ್ ಎಂದರೆ ಸುಮಾರು 98 ಲೀಟರ್. ತುಂಬಿಸಿದರೆ 70 ಕೆಜಿ ದಾಟುತ್ತದೆ. ನನ್ನ ಕೆಳಗೆ ಇನ್ನೊಬ್ಬ ಕೂತ ಹಾಗೆ. ಹಾಗಾಗಿ ಅರ್ಧ ಇಂಚಿನಷ್ಟು ಎಡಕ್ಕೆ ವಾಲುವುದು ಇಂಥ ಗಾಡಿಗಳ ಹುಟ್ಟುಗುಣ. ನಮ್ಮದು ಅದಕ್ಕಿಂತ ಹೆಚ್ಚು ವಾಲಿತ್ತು.

ರಾಜ್ಯೋತ್ಸವದ ರಿಹರ್ಸಲ್ ಮುಗಿದ ಮೇಲೆ ಸಭಾಂಗಣದ ಪಾರ್ಕಿಂಗಿನಲ್ಲಿ ತನಿಖಾ ಆಯೋಗ ಸೇರಿತು. ಎಲ್ಲರೂ ಸಾಫ್ಟ್‌ವೇರಿನವರು. ಗಾಡಿಯನ್ನು ಮುಟ್ಟುವ ಮೊದಲೇ ಸ್ಪ್ರೆಡ್‌ಶೀಟ್ ತೆರೆದರು. ಹಿಂಬಾಗಿಲಿನ ಮೇಲೆ ಫೋನಿಟ್ಟು ಮಟ್ಟ ನೋಡಿದರೆ ಎಡಕ್ಕೆ ಹತ್ತಿರ ಹತ್ತಿರ 2 ಡಿಗ್ರಿ. ಬಲಗಡೆ ಎಷ್ಟು ತೂಕ ಇಟ್ಟರೆ ಸರಿಹೋಗುತ್ತದೆಂದು ನೋಡೋಣ ಎಂದರು ಕಾರ್ಯದರ್ಶಿ. ತೂಕ ಎಲ್ಲಿದೆ? ನಾವೇ ಇದ್ದೇವಲ್ಲ! ಒಬ್ಬೊಬ್ಬರೇ ಹತ್ತಿ ಬಲ ಅಂಚಿಗೆ ಕೂತರು. ಹತ್ತುವ ಮೊದಲು ತೂಕ ಹೇಳಬೇಕು, ಅದು ಸ್ಪ್ರೆಡ್‌ಶೀಟಿಗೆ ಹೋಗಬೇಕು. "ಶೂ ಸೇರಿಸಿಯೋ, ಬಿಟ್ಟೋ?" ಎಂದು ಒಬ್ಬರು. "ಹೋದ ವರ್ಷದ್ದು ಹೇಳ್ಲಾ?" ಎಂದು ಇನ್ನೊಬ್ಬರು. ಅಧ್ಯಕ್ಷರು ಗಂಟಲು ಸರಿಪಡಿಸಿಕೊಂಡು "ಎಪ್ಪತ್ತು" ಎಂದು ಘೋಷಿಸಿದರು. ಅವರು ಕಾಲಿಟ್ಟ ಕೂಡಲೇ ಸ್ಪ್ರಿಂಗುಗಳು ಸತ್ಯ ನುಡಿದವು.

ಅಷ್ಟರಲ್ಲಿ ನಮ್ಮ ವಾಸ್ತುಪ್ರೇಮಿ ಮಿತ್ರರು, "ಗಾಡಿ ಉತ್ತರಕ್ಕೆ ಮುಖ ಮಾಡಿದೆ ಮಾರಾಯ್ರೆ. ಪೂರ್ವಕ್ಕೆ ತಿರುಗಿಸಿ" ಎಂದರು. ಎಲ್ಲರೂ ನಕ್ಕರು. ನಾನೂ ನಕ್ಕು, ಎಲ್ಲರನ್ನೂ ಕೆಳಗಿಳಿಸಿ, ತಿರುಗಿಸಿದೆ. ಫೋನು ನೋಡಿದರೆ 1 ಡಿಗ್ರಿಯೂ ಇಲ್ಲ! ನಗು ನಿಂತಿತು. ವಿಜ್ಞಾನದ ಮಾನ ಉಳಿಸಲೆಂದು ಖಜಾಂಚಿ ದಕ್ಷಿಣಕ್ಕೆ ತಿರುಗಿಸಲು ಹೇಳಿದರು. ಗಾಡಿ ಸದ್ದಿಲ್ಲದೆ ಒಂದು ಕೂದಲೆಳೆಯಷ್ಟು ಬಲಕ್ಕೆ ವಾಲಿತು. "ಯಮನ ದಿಕ್ಕು," ಎಂದರು ಮಿತ್ರರು, ಧ್ವನಿ ತಗ್ಗಿಸಿ. ಎಂ.ಎಸ್. ಮಾಡಿದವರು, ಪಿಎಚ್.ಡಿ. ಮಾಡಿದವರು ಮುಖ ಮುಖ ನೋಡಿಕೊಂಡರು. ಯಾರೋ ಈಶಾನ್ಯಕ್ಕೂ ಒಮ್ಮೆ ನೋಡಿಬಿಡೋಣ ಎಂದರು. ನೋಡಿದೆವು. ಸ್ಪ್ರೆಡ್‌ಶೀಟಿನಲ್ಲಿ ಅಧ್ಯಕ್ಷರ ತೂಕದ ಪಕ್ಕ ಅಷ್ಟದಿಕ್ಪಾಲಕರಿಗೊಂದು ಕಾಲಂ ಬಂತು.

ಅಸಲು ವಿಷಯ ಇಷ್ಟೆ: ಮಳೆ ನೀರು, ಹಿಮ ಕರಗಿದ ನೀರು ಹರಿದುಹೋಗಲೆಂದು ಪಾರ್ಕಿಂಗ್ ಜಾಗಗಳನ್ನು ಬೇಕೆಂದೇ ಇಳಿಜಾರಾಗಿ ಕಟ್ಟುತ್ತಾರೆ. 100 ಅಡಿಗೆ 2 ಅಡಿ ಇಳಿಜಾರಿದ್ದರೆ ಅಲ್ಲೇ 1 ಡಿಗ್ರಿಗೆ ಮೇಲಾಯಿತು. ನಮ್ಮದು ಪಶ್ಚಿಮಕ್ಕೆ ಇಳಿಯುತ್ತಿತ್ತು. ಇದನ್ನು ಮಿತ್ರರಿಗೆ ವಿವರಿಸಿದೆ. "ನೀರು ಯಾವ ಕಡೆ ಹರಿಯಬೇಕು ಅನ್ನೋದೇ ವಾಸ್ತು" ಎಂದು ಅವರು ಕಾರು ಹತ್ತಿದರು.

ಮರುದಿನ ಗರಾಜಿನಲ್ಲಿ, ಹೆಂಡತಿಯ ಬ್ಲೌಸ್ ಅಳತೆಯ ಟೇಪಿನಿಂದ, ಚಕ್ರದ ನಟ್ಟನಡುವಿನಿಂದ ಮೇಲಿನ ಮಡ್‌ಗಾರ್ಡಿನ ಅಂಚಿನವರೆಗೆ ಅಳೆದೆ. ಹೀಗೆ ಅಳೆದರೆ ಟೈರಿನ ಗಾಳಿಯದೂ ನೆಲದ್ದೂ ಕಿತಾಪತಿ ನಡೆಯದು. ಹಿಂದಿನ ಎಡಚಕ್ರದ ಮೇಲೆ 1 ಇಂಚು ಕಡಿಮೆ. ಹಿಂದಿನ ಆ್ಯಕ್ಸಲಿನ ನಟ್ಟನಡುವೆ ಜ್ಯಾಕ್ ಕೊಟ್ಟು ಎತ್ತಿದಾಗ ಮುಂಭಾಗ ಬಹುಮಟ್ಟಿಗೆ ನೆಟ್ಟಗಾಯಿತು. ಅಂದರೆ ಕಳ್ಳ ಹಿಂದೆಯೇ ಇದ್ದಾನೆ. ಗಾಡಿ ಇಳಿಸಿ, ಟಾರ್ಚ್ ಹಿಡಿದು ಅಂಗಾತ ನುಗ್ಗಿದೆ. ಎಡಗಡೆಯ ಸ್ಪ್ರಿಂಗಿನಲ್ಲಿ ಮೇಲಿನಿಂದ ಎರಡನೇ ಪಟ್ಟಿ, ಮಧ್ಯದ ಬೋಲ್ಟಿನ ಹತ್ತಿರ, ಅಡ್ಡಡ್ಡ ಸೀಳಿತ್ತು. ಸೀಳಿನ ಒಳಗೂ ತುಕ್ಕು, ಇವತ್ತಿನದಲ್ಲ. ಹಿಮ ಕರಗಲೆಂದು ಮಿಷಿಗನ್ನಿನ ರಸ್ತೆಗಳಿಗೆ ಚಳಿಗಾಲವಿಡೀ ಉಪ್ಪು ಸುರಿಯುತ್ತಾರಲ್ಲ, ಉಪ್ಪು ತಿಂದ ಗಾಡಿ ನೀರು ಕುಡಿದಿತ್ತು. ಅಷ್ಟರಲ್ಲಾಗಲೇ "ಶಾಕ್ ಅಬ್ಸಾರ್ಬರ್ ಬದಲಾಯಿಸಿ ಸಾರ್" ಎಂದು ಕೂಟದ ಅರ್ಧ ಜನ ಬುದ್ಧಿ ಹೇಳಿದ್ದರು. ಅದು ಭಾರ ಹೊರುವುದೇ ಇಲ್ಲ, ಕುಣಿತ ತಡೆಯುತ್ತದೆ ಅಷ್ಟೆ. ಗೊತ್ತಿಲ್ಲದ ವಿಷಯದಲ್ಲಿ ನಮ್ಮವರಿಗಿರುವ ಖಚಿತತೆ ನೋಡಿದರೆ ಮೈ ಉರಿಯುತ್ತದೆ.

ಉರಿಯಲು ಕಾರಣವೂ ಇದೆ. ಟ್ರೇಲರಿನ ಒಟ್ಟು ತೂಕದಲ್ಲಿ ಶೇ. 10ರಿಂದ 15ರಷ್ಟು ಗಾಡಿಯ ಕೊಕ್ಕೆಯ ಮೇಲೆ ಕೂರಬೇಕು. ಹೆಚ್ಚಾದರೆ ಗಾಡಿಯ ಹಿಂಭಾಗ ಕುಸಿಯುತ್ತದೆ, ಕಡಿಮೆಯಾದರೆ ಟ್ರೇಲರು ಬಾಲ ಬೀಸುತ್ತದೆ. ಯುಗಾದಿಗೆ ಪಾತ್ರೆಗಳನ್ನೆಲ್ಲ ಮುಂದಕ್ಕೆ ಒಟ್ಟಿ ನನ್ನ ಸ್ಪ್ರಿಂಗಿನ ನಡು ಮುರಿದರು. ಇನ್ನೊಮ್ಮೆ, ಇಳಿಸಲು ಸಲೀಸು ಎಂದು ಭಾರವನ್ನೆಲ್ಲ ಬಾಗಿಲ ಹತ್ತಿರ ತುಂಬಿದ್ದರು. ಐ-75 ಹೆದ್ದಾರಿಯಲ್ಲಿ ಅಡ್ಡಗಾಳಿ ಬಂತು, ಕೈಯಲ್ಲಿದ್ದ ಸ್ಟಿಯರಿಂಗ್ ನನ್ನದಲ್ಲ ಅನ್ನಿಸಿತು. ಕನ್ನಡಿಯಲ್ಲಿ ಟ್ರೇಲರು ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ. ಅದರ ಹಿಂದೊಂದು ವ್ಯಾನು, ಕಿಟಕಿಯಲ್ಲಿ ಮಕ್ಕಳ ತಲೆಗಳು. ಆಕ್ಸಲರೇಟರಿನಿಂದ ಕಾಲು ತೆಗೆದು, ಟ್ರೇಲರಿನ ಬ್ರೇಕನ್ನಷ್ಟೇ ಕೈಯಲ್ಲಿ ಒತ್ತಿದೆ. ನಿಂತಿತು. ಗಾಡಿಯಲ್ಲಿದ್ದವರು ಆಮೇಲೆ ಮನೆ ತಲುಪುವವರೆಗೂ ಮಾತಾಡಲಿಲ್ಲ.

ಎರಡೂ ಬದಿಗೆ ಹೊಸ ಸ್ಪ್ರಿಂಗ್ ಹಾಕಿಸಿದ್ದೇನೆ. ಒಂದೇ ಕಡೆ ಹಾಕಿಸಿದರೆ ಹಳತು ಹೊಸತಿನ ಜಗಳದಲ್ಲಿ ಮತ್ತೆ ವಾಲುತ್ತದೆ. ಈಗ ಉಳಿದಿರುವುದು ಹುಟ್ಟಿನಿಂದ ಬಂದ ಅರ್ಧ ಇಂಚು, ಅದರಲ್ಲಿ ನನ್ನ ಪಾಲೆಷ್ಟು ಎಂಬ ಚರ್ಚೆ ಮನೆಯಲ್ಲಿ ಮುಂದುವರಿದಿದೆ. ಕೂಟದ ಬಂಧುಗಳಲ್ಲಿ ವಿನಂತಿ: ಟ್ರೇಲರಿನ ಸಾಮಾನಿನಲ್ಲಿ ಶೇ. 60ರಷ್ಟು ಭಾರ ಮುಂದಿನರ್ಧದಲ್ಲಿರಲಿ, ಎಡ ಬಲ ಸಮನಾಗಿರಲಿ. ಗಾಡಿ ಒಯ್ದವರು ದಯವಿಟ್ಟು ಟ್ಯಾಂಕ್ ತುಂಬಿಸಿ ತಂದುಕೊಡಿ. ಎಡಕ್ಕೆ ವಾಲಿದರೆ ನಾನೇನೂ ಅಂದುಕೊಳ್ಳುವುದಿಲ್ಲ.