ನಮ್ಮ ಬೀದಿಯ ಸೆಕ್ರೆಟರಿ

ನಮ್ಮ ಬೀದಿಯಲ್ಲಿ ಅವರನ್ನು ಎಲ್ಲರೂ ಕರೆಯುವುದು ಸೆಕ್ರೆಟರಿ ಅಂತಲೇ. ಯಾವ ಸಂಘದ ಸೆಕ್ರೆಟರಿ ಎಂದು ಮಾತ್ರ ಕೇಳಬೇಡಿ. ಸೆಕ್ರೆಟರಿ ಮೊದಲು ಬಂದರು, ಸಂಘ ಆಮೇಲೆ ಬಂತು.

2017ರ ಮೇ ತಿಂಗಳಲ್ಲಿ ಎರಡು ಘಟನೆ ಒಟ್ಟಿಗೇ ನಡೆದವು. ಅವರು ಬ್ಯಾಂಕಿನಿಂದ ನಿವೃತ್ತರಾದರು. ಮೈಸೂರು ಸ್ವಚ್ಛ ಸರ್ವೇಕ್ಷಣೆಯಲ್ಲಿ ಐದನೇ ಸ್ಥಾನಕ್ಕೆ ಇಳಿಯಿತು. ಹಿಂದಿನ ವರ್ಷ 73 ನಗರಗಳಲ್ಲಿ ನಮ್ಮದೇ ಮೊದಲು. ನಿವೃತ್ತಿಯನ್ನು ಅವರು ಹೇಗೋ ತಡೆದುಕೊಂಡರು, ಐದನೇ ಸ್ಥಾನ ತಡೆಯಲಾಗಲಿಲ್ಲ. "ಇಂದೋರ್ ಅಂತೆ ರೀ, ಇಂದೋರ್!" ಎಂದರು, ಕೈತಪ್ಪಿದ ಗಂಡು ಯಾರ ಮನೆ ಅಳಿಯನಾದ ಎಂದು ಹೇಳುವ ಧ್ವನಿಯಲ್ಲಿ. ಸುಮ್ಮನೆ ಕೂರುವಂತಿರಲಿಲ್ಲ. ಸೇವೆ ಶುರುವಾಗಲೇಬೇಕಿತ್ತು.

ಬೀದಿ ಗುಡಿಸಲು ಏನು ಬೇಕು? ನಾವಾದರೆ ಪೊರಕೆ ಅಂತೀವಿ. ಅವರು ರಬ್ಬರ್ ಸ್ಟಾಂಪ್ ಮಾಡಿಸಿದರು. ಲೆಟರ್‌ಹೆಡ್ಡು, 200 ಪುಟದ ರಿಜಿಸ್ಟರು, ರಸೀದಿ ಪುಸ್ತಕ, ವಾಟ್ಸ್ಆ್ಯಪ್ ಗುಂಪು ಎಲ್ಲ ಆಯಿತು. ಕರ್ನಾಟಕ ಸಂಘಗಳ ನೋಂದಣಿ ಅಧಿನಿಯಮ, 1960ರ ಪ್ರಕಾರ ಸಂಘಕ್ಕೆ ಏಳು ಜನ ಬೇಕಂತೆ. ಆರು ಜನ ಸಿಕ್ಕಿದ್ದರು. ಏಳನೆಯವನಾಗಿ ಸಿಕ್ಕವನು ನಾನು, ಬನಿಯನ್ನಿನಲ್ಲಿ ಗೇಟಿನ ಹತ್ತಿರ ಹಾಲಿನ ಪ್ಯಾಕೆಟ್ ಎತ್ತಿಕೊಳ್ಳುತ್ತಿದ್ದಾಗ. ಎಲ್ಲಿ ಸಹಿ ಹಾಕಿದೆನೋ ನೋಡಲಿಲ್ಲ; ಸಂಜೆ ಗುಂಪಿನಲ್ಲಿ ಓದಿದ ಮೇಲೆ ತಿಳಿಯಿತು, ನಾನು ಉಪಾಧ್ಯಕ್ಷ.

ಸೆಕ್ರೆಟರಿ ಸೇವೆಯ ಅನುಭವ ಇಲ್ಲದವರೇನಲ್ಲ. ಕಾಲೇಜಿನಲ್ಲಿ ಎನ್ಎಸ್ಎಸ್‌ನಲ್ಲಿದ್ದರು. ಕೋನಾರ್ಕ್ ಚಕ್ರದ ಆ ಬ್ಯಾಡ್ಜು ಈಗಲೂ ಬೀರುವಿನಲ್ಲಿದೆ. "ನನಗಲ್ಲ, ನಿನಗೆ" ಎನ್ನುವುದು ಎನ್ಎಸ್ಎಸ್ ಧ್ಯೇಯವಾಕ್ಯ. ಮೊದಲ ಭಾನುವಾರ ಪೊರಕೆ ಹಂಚುವಾಗ ಅವರು ಅದನ್ನು ಅಕ್ಷರಶಃ ಪಾಲಿಸಿದರು.

ಹೊಸದರಲ್ಲಿ ಅಗಸ ಎತ್ತಿ ಎತ್ತಿ ಒಗೆದನಂತೆ. ಬೆಳಿಗ್ಗೆ ಆರೂವರೆಗೆ ಪೌರಕಾರ್ಮಿಕರ ಸೀಟಿ ಕೇಳಿದ ಕೂಡಲೇ ಸೆಕ್ರೆಟರಿ ರಿಜಿಸ್ಟರು ಹಿಡಿದು ತಳ್ಳುಗಾಡಿಯ ಹಿಂದೆ ಹೊರಡುತ್ತಿದ್ದರು. ಯಾರ ಮನೆಯ ಹಸಿರು ಡಬ್ಬದಲ್ಲಿ ಪ್ಲಾಸ್ಟಿಕ್ ಇದೆ, ಯಾರ ನೀಲಿ ಡಬ್ಬದಲ್ಲಿ ಕಾಫಿ ಚರಟ ಇದೆ, ಎಲ್ಲಕ್ಕೂ ಟಿಕ್ಕು, ಇಂಟು. ಮೂರು ಇಂಟು ಬಿದ್ದ ಮನೆಯ ಹೆಸರು ಗುಂಪಿನಲ್ಲಿ. ನನ್ನ ಹೆಸರು ಎರಡು ಸಲ ಬಂತು. ಉಪಾಧ್ಯಕ್ಷ ಎನ್ನುವ ದಾಕ್ಷಿಣ್ಯವೂ ಇಲ್ಲ.

ಹತ್ತನೇ ದಿನವೋ ಹನ್ನೊಂದನೇ ದಿನವೋ, ಗಾಡಿ ತಳ್ಳುವಾಕೆ ನಿಂತಳು. "ಸಾರ್, ಮೊದ್ಲು ನಿಮ್ಮನೆ ಡಬ್ಬ ನೋಡ್ಕಳಿ. ಹಸಿ ಕಸದಲ್ಲಿ ಬ್ಲೇಡ್ ಸಿಕ್ತು," ಎಂದು ಬಟ್ಟೆ ಸುತ್ತಿದ ಹೆಬ್ಬೆರಳು ತೋರಿಸಿದಳು. ಸೆಕ್ರೆಟರಿ ಬೆರಳು ನೋಡಿದರು, ರಿಜಿಸ್ಟರು ನೋಡಿದರು. ತಮ್ಮ ಮನೆ ನಂಬರಿನ ಮುಂದೆ ಒಂದಲ್ಲ, ಮೂರು ಇಂಟು ಹಾಕಿಕೊಂಡರು. ಅವತ್ತು ಸಂಜೆ ಗುಂಪಿನಲ್ಲಿ ಬಂದದ್ದು ಅವರದೇ ಹೆಸರು. ಈ ಗುಣಕ್ಕಾಗಿಯೇ ನಾನು ಇನ್ನೂ ಅವರ ಕೈಗೆ ಸಿಕ್ಕಿಬೀಳುತ್ತಿರುವುದು. ಈಗಲೂ ಅವರ ಮನೆಯ ಹಳೇ ಬ್ಲೇಡು ದಪ್ಪ ಕಾಗದದ ಪೊಟ್ಟಣದಲ್ಲಿ ಪ್ರತ್ಯೇಕವಾಗಿ ಹೊರಬೀಳುತ್ತದೆ, ಮೇಲೆ ದೊಡ್ಡದಾಗಿ "ಬ್ಲೇಡ್, ಜೋಪಾನ" ಎಂದು ಬರೆದು, ಅದಕ್ಕೂ ಒಂದು ಸ್ಟಾಂಪ್ ಒತ್ತಿಸಿಕೊಂಡು.

ಆಮೇಲೆ ರಕ್ತದಾನ. ಶಿಬಿರದಲ್ಲಿ ಸಾಲಿನ ಮೊದಲಿಗೆ ನಿಂತವರು ಅವರೇ. ಅರ್ಜಿ ನೋಡಿದ ಹುಡುಗಿ, "ಮುಂಚೆ ಕೊಟ್ಟಿದ್ದೀರಾ ಸರ್?" ಎಂದಳು. ಇಲ್ಲ, ಇದೇ ಮೊದಲು ಎಂದು ಎದೆಯುಬ್ಬಿಸಿದರು. ಕೊಡುತ್ತ ಬಂದವರಾದರೆ 65ರವರೆಗೆ ಕೊಡಬಹುದು, ಮೊದಲ ಸಲದವರಿಗೆ 60 ದಾಟಿರಬಾರದು ಎಂದು ಆಕೆ ವಿವರಿಸಿದಳು. ಇವರಿಗೆ 60 ದಾಟಿ ಮೂರು ತಿಂಗಳು. ಆವತ್ತಿಡೀ ಕೊಟ್ಟವರಿಗೆಲ್ಲ ಬಿಸ್ಕತ್ತು, ಜ್ಯೂಸು ಹಂಚಿದರು, "ನಾನು ಮೂರು ತಿಂಗಳು ಲೇಟು" ಎಂದು ಒಬ್ಬೊಬ್ಬರಿಗೂ ಹೇಳುತ್ತ. ಮನೆಯಲ್ಲಿ ಅವರ ಶ್ರೀಮತಿ, "ಮನೆಗೆ ಮಾರಿ, ಊರಿಗೆ ಉಪಕಾರಿ. ಇವತ್ತು ಊರೂ ಬೇಡ ಅಂತಂತೆ" ಎಂದು ಮಜ್ಜಿಗೆ ಕೊಟ್ಟರು.

2019ರಲ್ಲಿ ಕಣ್ಣು ಕಾಣದ ವಿದ್ಯಾರ್ಥಿಗಳಿಗೆ ಪರೀಕ್ಷೆ ಬರೆದುಕೊಡಲು ಸ್ಕ್ರೈಬ್ ಬೇಕಾಗಿದ್ದಾರೆಂದು ಯಾರೋ ಹೇಳಿದರು. ಸುಂದರ ಅಕ್ಷರ, 35 ವರ್ಷ ಲೆಡ್ಜರು ಬರೆದ ಕೈ. ನಾಲ್ಕು ಪೆನ್ನು ಜೇಬಿಗಿಟ್ಟುಕೊಂಡು ಹೋದರು. ಅಲ್ಲಿಯ ಮೇಡಂ, "ಏನು ಓದಿದ್ದೀರಿ?" ಎಂದರು. ಇವರು ಹೆಮ್ಮೆಯಿಂದ, "ಎಂ.ಕಾಂ." ಮೇಡಂ ಮುಖ ಬಾಡಿತು. 2018ರ ಕೇಂದ್ರದ ಮಾರ್ಗಸೂಚಿಯಂತೆ, ಅಭ್ಯರ್ಥಿ ತಾನೇ ಕರೆತರುವ ಸ್ಕ್ರೈಬ್ ಅಭ್ಯರ್ಥಿಗಿಂತ ಒಂದು ಮೆಟ್ಟಿಲು ಕಡಿಮೆ ಓದಿರಬೇಕಿತ್ತು. ಇಲ್ಲಿದ್ದವರೆಲ್ಲ ಡಿಗ್ರಿ ಮಕ್ಕಳು. ರಕ್ತಕ್ಕೆ ವಯಸ್ಸು ಜಾಸ್ತಿಯಾಯಿತು, ಬರವಣಿಗೆಗೆ ಓದು ಜಾಸ್ತಿಯಾಯಿತು.

"ಓದಿ ಹೇಳೋಕೆ ಬರ್ತೀರಾ? ಅದಕ್ಕೆ ಯಾವ ನಿಯಮಾನೂ ಇಲ್ಲ," ಎಂದರು ಮೇಡಂ.

ಹೀಗೆ ಮಂಗಳವಾರ, ಶುಕ್ರವಾರ ಒಬ್ಬ ಬಿ.ಎ. ಹುಡುಗಿಗೆ ಅರ್ಥಶಾಸ್ತ್ರ ಓದುವುದು ಶುರುವಾಯಿತು. ಅವರ ಸ್ಕೂಟರು ಕೆಟ್ಟಿದ್ದ ಒಂದು ದಿನ ನಾನೇ ಬಿಟ್ಟುಬರಲು ಹೋಗಿ ಅಲ್ಲೇ ಹಿಂದೆ ಕೂತೆ. ರೆಪೊ ದರದ ಎರಡು ಸಾಲು ಓದುವಷ್ಟರಲ್ಲಿ ಸೆಕ್ರೆಟರಿ ತಮ್ಮ ಬ್ರಾಂಚಿನ ಸಾಲ ವಸೂಲಿಗೆ ಜಿಗಿದು, ಅಲ್ಲಿಂದ ಒಂದು ಟ್ರಾಕ್ಟರ್ ಜಪ್ತಿಗೆ ಹೋಗಿದ್ದರು. ಹುಡುಗಿ ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ಳುತ್ತಿದ್ದಳು.

"ಸರ್, ಟ್ರಾಕ್ಟರು ಪುಸ್ತಕದಲ್ಲಿದೆಯಾ, ನೀವು ಸೇರಿಸಿದ್ದಾ?"

"ಸೇರಿಸಿದ್ದು."

"ಹಾಗಿದ್ರೆ ಕೊನೇಲಿ ಹೇಳಿ ಸರ್. ರೆಕಾರ್ಡಿಂಗ್ ಆಫ್ ಮಾಡ್ಕೊಂಡು ಕೇಳ್ತೀನಿ."

ನನ್ನ ಕಿವಿಯನ್ನೇ ನಂಬಲಾಗಲಿಲ್ಲ, ಅವರು ಉಳಿದ ಅಧ್ಯಾಯವನ್ನು ಒಂದೇ ಒಂದು ಪದ ಸೇರಿಸದೆ ಓದಿ ಮುಗಿಸಿದರು. ಆಮೇಲೆ ಟ್ರಾಕ್ಟರು ಜಪ್ತಿಯಾಯಿತು. ಅವಳು ನಕ್ಕಳು ಕೂಡ. ಈ ಓದಿನ ಫೋಟೊ ಒಂದೂ ಗುಂಪಿಗೆ ಬರಲಿಲ್ಲ. ಸೆಕ್ರೆಟರಿ ಮಗನ ಹತ್ತಿರ ಅಮೆರಿಕಕ್ಕೆ ಹೋಗಿದ್ದಾರೆ ಎಂದು ಬೀದಿಯ ಅರ್ಧ ಜನ ನಂಬಿಕೊಂಡಿದ್ದರು.

ಪರೀಕ್ಷೆ ಹತ್ತಿರ ಬಂದಾಗ ಒಂದು ರಾತ್ರಿ ನನ್ನ ಗೇಟಿನ ಹತ್ತಿರ ನಿಂತರು, ಕೈಯಲ್ಲಿ ರಿಜಿಸ್ಟರು. ಕಣ್ಣು ನನ್ನ ನಾಮಫಲಕದ ಮೇಲೆ. ಅದರಲ್ಲಿ ಹೆಸರಿನ ಮುಂದೆ ಬಿ.ಎ. ಎಂದಿದೆ.

"ನಿಮ್ಮ ಡಿಗ್ರಿ ಆಗಿದೆಯಾ? ನಿಜ ಹೇಳಿ."

ಕೊನೇ ವರ್ಷದ ಎರಡು ಪೇಪರ್ ಹಾಗೇ ಉಳಿದಿದ್ದನ್ನು ನಾನು 35 ವರ್ಷದಿಂದ ಯಾರಿಗೂ ಹೇಳಿರಲಿಲ್ಲ. ಅಡುಗೆಮನೆಯಿಂದಲೇ ನನ್ನಾಕೆ, "ಅವರದು ಪಿಯುಸಿ ಅಷ್ಟೇ, ಬರ್ಕೊಳ್ಳಿ," ಎಂದಳು.

ಸೆಕ್ರೆಟರಿ ಮುಖ ಅರಳಿತು. ಬೀದಿಯಲ್ಲಿ ಪಾಸಾಗದ ಇಂಥ ಒಬ್ಬ ಸಿಗುತ್ತಾನೆಂದು ಅವರು ಎಣಿಸಿರಲಿಲ್ಲ. ರಿಜಿಸ್ಟರು ಬಿಚ್ಚಿದರು. "ಸೋಮವಾರ ಒಂಬತ್ತೂವರೆಗೆ. ಮೂರು ಗಂಟೆ ಪೇಪರು, ಗಂಟೆಗೆ 20 ನಿಮಿಷ ಹೆಚ್ಚುವರಿ, ಒಟ್ಟು ನಾಲ್ಕು ಗಂಟೆ. ಎರಡು ನೀಲಿ ಪೆನ್ನು, ಒಂದು ಬಾಟಲಿ ನೀರು." ಗೇಟು ದಾಟಿ ಹೋದವರು ಮತ್ತೆ ತಿರುಗಿ ಬಂದರು. "ಬಾಯಿ ಮಾತ್ರ ಮನೇಲೇ ಬಿಟ್ಟು ಬನ್ನಿ."