ದೊಡ್ಡ ಪರದೆ ಹೋಯ್ತು, ಅಂಗೈ ಪರದೆ ಬಂತು

ಮುಚ್ಚಿದ ಟಾಕೀಸುಗಳನ್ನೆಲ್ಲ ಕಲಾಕೇಂದ್ರ ಮಾಡಿಬಿಡಬೇಕು ಅನ್ನುವುದು ನಮ್ಮ ಚೌಳಹಿರಿಯೂರಿನ ಕಟ್ಟೆಯ ಮೇಲೂ ಆಗಾಗ ಪಾಸಾಗುವ ನಿರ್ಣಯ. ಅನುಭವಸ್ಥರನ್ನೇ ಕೇಳೋಣವೆಂದು ಕಡೂರಿನಲ್ಲಿ ರೈಲು ಹತ್ತಿ, ಬೆಂಗಳೂರಿನ ಬ್ರಿಗೇಡ್ ರಸ್ತೆ, ರೆಸಿಡೆನ್ಸಿ ರಸ್ತೆ ಕೂಡುವ ಮೂಲೆಯ ಒಪೇರಾ ಹೌಸ್ ಮುಂದೆ ನಿಂತು, ಆ ಹಳೇ ಕಟ್ಟಡವನ್ನೇ ಮಾತಿಗೆಳೆದೆ.

ನಮಸ್ಕಾರ. ತಮ್ಮ ವಯಸ್ಸು?

ಬ್ರಿಟಿಷರ ಕಾಲದವನು, ಸಾಕಲ್ಲ. ನಿಜ ಹೇಳಿದ್ರೆ ಬಾಡಿಗೆ ಇಳಿಯುತ್ತೆ.

ಪೂರ್ವಾಶ್ರಮದಲ್ಲಿ ಏನು ಮಾಡ್ತಿದ್ರಿ?

ದಂಡಿನ ದೊರೆಗಳಿಗೆ ನಾಟಕ, ಹಾಡು. ಆಮೇಲೆ ಟಾಕೀಸು ಮಾಡಿದ್ರು. ಅದೂ ನಿಂತು ವರ್ಷಗಟ್ಟಲೆ ಬೀಗ. ಆಗ ಇದ್ದ ಬಾಡಿಗೆದಾರರು ಅಂದ್ರೆ ಪಾರಿವಾಳಗಳು. ಅವು ಮುಂಗಡ ಕೊಡಲಿಲ್ಲ.

ಈಗ?

2018ರ ಸೆಪ್ಟೆಂಬರಿಂದ ಸ್ಯಾಮ್‌ಸಂಗ್. 33 ಸಾವಿರ ಚದರಡಿ. ಅಂಗಡಿ ಅಂದ್ರೆ ಬೇಜಾರು ಮಾಡ್ಕೋತಾರೆ, ‘ಅನುಭವ ಕೇಂದ್ರ’ ಅನ್ನಪ್ಪ.

ಮತ್ತೆ ಕಲೆ?

ಇಲ್ಲದೆ ಉಂಟೆ! ಅಂಗಳದಲ್ಲಿ ಸಂಗೀತ, ನಗೆ ಕಾರ್ಯಕ್ರಮ ಎಲ್ಲ ನಡೀತವೆ. ಜನ ಹಾಡೋನನ್ನ ನೋಡಲ್ಲ, ಅವನು ಫೋನಲ್ಲಿ ಎಷ್ಟು ಸ್ಪಷ್ಟವಾಗಿ ಕಾಣ್ತಾನೆ ಅಂತ ನೋಡ್ತಾರೆ.

ಇದು ಸಂಸ್ಕೃತಿಗೆ ದ್ರೋಹ ಅನ್ನಿಸಲ್ವೆ?

ಬೀಗ ಬಿದ್ದಿದ್ದಾಗ ಸಂಸ್ಕೃತಿ ಬಂದು ಬಾಗಿಲು ತಟ್ಟಿದ್ದು ನನಗಂತೂ ಕೇಳಿಸಲಿಲ್ಲ. ನನ್ನ ಓರಗೆಯವರ ಗತಿ ನೋಡು. ಎಂ.ಜಿ. ರಸ್ತೆಯ ಪ್ಲಾಜಾ, 1936ರದು, ಮೆಟ್ರೋಗೆ ಆಹುತಿ. ಲಿಡೊ ಮಾಲ್ ಆಯ್ತು. ಕಪಾಲಿಯನ್ನ ಮಾಲ್ ಕಟ್ಟೋಕೆ ಕೆಡವಿದ್ರು. ಮೆಜೆಸ್ಟಿಕ್ ಟಾಕೀಸಂತೂ ಬಸ್ಸಿನ ಬೋರ್ಡಿನಲ್ಲಿ ಮಾತ್ರ ಉಳೀತು. ನೀನು ಬೆಳಗ್ಗೆ ಇಳಿದದ್ದೂ ಅದರ ಹೆಸರಿನಲ್ಲೇ. ನಾನು ಫೋನ್ ಮಾರ್ತಿದ್ದೀನಿ ನಿಜ, ಆದ್ರೆ ನಿಂತು ಮಾರ್ತಿದ್ದೀನಿ.

(ಪ್ಲಾಜಾ ನುಂಗಿದ ಮೆಟ್ರೋದವರೇ 2013ರಲ್ಲಿ ಅದೇ ರಸ್ತೆಯಲ್ಲಿ, ಹಳಿಯ ಕೆಳಗೆ, ‘ರಂಗೋಲಿ’ ಕಲಾಕೇಂದ್ರ ತೆರೆದರು. ಕೊಂದವರೇ ತಿಥಿಯೂಟ ಹಾಕಿಸುವುದು ನಮ್ಮಲ್ಲಿ ಹೊಸದಲ್ಲ.)

ಮುಂಬೈಯಲ್ಲಿ ನಿಮ್ಮ ಹೆಸರಿನವರು ಮರ್ಯಾದೆಯಿಂದ ಇದ್ದಾರಲ್ಲ?

ರಾಯಲ್ ಒಪೇರಾ ಹೌಸ್ ತಾನೆ? 1911ರಲ್ಲಿ ಐದನೇ ಜಾರ್ಜ್ ದೊರೆಯೇ ಬಂದು ಉದ್ಘಾಟಿಸಿದ ಮಹಾನುಭಾವ. ಅವನೂ ನನ್ನ ಹಾಗೇ ಟಾಕೀಸಾದ, 1993ರಲ್ಲಿ ಬಾಗಿಲು ಹಾಕಿದ. 2016ರಲ್ಲಿ ಮತ್ತೆ ರಂಗಮಂದಿರ. ಅವನ ಯಜಮಾನರು ಗೊಂಡಲ್ ರಾಜಮನೆತನ. ನನಗೆ ಯಾವ ಮಹಾರಾಜನನ್ನ ತೋರಿಸ್ತೀಯ?

ನಮ್ಮ ತಾಲ್ಲೂಕಿನ ಕಡೆ ಟಾಕೀಸು ಮುಚ್ಚಿದ್ರೆ ಏನು ಮಾಡೋಣ?

ಕೊಬ್ಬರಿ ಗೋದಾಮೋ ಕಲ್ಯಾಣ ಮಂಟಪವೋ ಆಗೋಕೆ ಮುಂಚೆ ಒಂದು ಸಭೆ ಕರೀರಿ. ಕರೆಂಟ್ ಬಿಲ್ ಕಟ್ಟೋರು ಯಾರು ಅಂತ ಮೊದಲು ಬರ್ಕೊಳ್ಳಿ. ಉದ್ಘಾಟನೆಗೆ ಯಾವ ಮಂತ್ರಿ, ಶಾಲು ಯಾರಿಗೆ ಅನ್ನೋದು ಆಮೇಲೆ. ನಿಮ್ಮ ಸಭೆಗಳಲ್ಲಿ ಇದು ತಿರುವುಮುರುವಾಗಿ ನಡೆಯುತ್ತೆ ಅಂತ ಕೇಳಿದ್ದೀನಿ.

ಇವತ್ತು ನಾಟಕ ನೋಡಬೇಕು ಅನ್ನಿಸಿದ್ರೆ?

ನನ್ನ ಹತ್ತಿರ ಬರಬೇಡ. ಜೆ.ಪಿ. ನಗರದ ರಂಗಶಂಕರಕ್ಕೆ ಹೋಗು. ಹಳೇ ಟಾಕೀಸಿಗೆ ಕಾಯದೆ ಹೊಸದಾಗೇ ಕಟ್ಟಿ 2004ರಲ್ಲಿ ತೆರೆದರು. ಹೊತ್ತಿಗೆ ಸರಿಯಾಗಿ ಹೋಗಬೇಕು, ತಡವಾದವರನ್ನ ಒಳಗೆ ಬಿಡಲ್ಲ. ಮತ್ತೆ, ನಾನು ಮಾರೋ ಸಾಮಾನನ್ನ ಅಲ್ಲಿ ಆಫ್ ಮಾಡಿ ಕೂರಬೇಕು.